ಹಳೆಯ ಮಾಳಿಗೆಯ ಒಳಗೋಡೆ ತೆಗೆಯುವ ಮುನ್ನ



ಪಡಸಾಲೆಯನ್ನು ಅಂಗಡಿಯನ್ನಾಗಿಸಲು ಒಳಗೋಡೆ ತೆಗೆಸುವವರು ಎಲ್ಲ ಗ್ರಾಮಗಳಲ್ಲಿಯೂ ಇದ್ದಾರೆ. ಆ ಗೋಡೆಯ ಮೇಲೆ ಜಂತೆಗಳ ತುದಿ ಕುಳಿತಿದ್ದರೆ ಅದು ಬರಿಯ ಅಡ್ಡಗೋಡೆಯಲ್ಲ, ಮಾಳಿಗೆಯ ಭಾರ ಹೊತ್ತ ಗೋಡೆ. 10 ಅಡಿ ಉದ್ದ, 10 ಅಡಿ ಅಗಲದ ಅಂಕಣದ ಮೇಲೆ 1 ಅಡಿ ದಪ್ಪ ಮಣ್ಣಿದ್ದರೆ ಅದರ ತೂಕವೇ ಸುಮಾರು 4.5 ಟನ್, ನೆನೆದರೆ ಇನ್ನೂ ಹೆಚ್ಚು.

ಜಂತೆಗಳು ಎರಡೂ ಕಡೆಯಿಂದ ಬಂದು ಗೋಡೆಯ ಮೇಲೆ ಸೇರಿದ್ದಲ್ಲಿ ಆಸರೆಯೂ ಎರಡೂ ಬದಿಗೆ ಬೇಕು: ಗೋಡೆಯಿಂದ 2–3 ಅಡಿ ಬಿಟ್ಟು ಅಡ್ಡತೊಲೆ, ಅದರ ಕೆಳಗೆ ಜಾಕಿ ಕಂಬಗಳು. ಕೈಗರಗಸದಲ್ಲಿ ಕೊಯ್ದ ಹಳೆಯ ಜಂತೆಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು 6 ಇಂಚು ದಪ್ಪವಿದ್ದರೆ ಪಕ್ಕದ್ದು 5. ಅಡ್ಡತೊಲೆಯು ದಪ್ಪನೆಯವಕ್ಕೆ ಮಾತ್ರ ತಾಗಿ, ಉಳಿದವುಗಳ ಕೆಳಗೆ ಸಂದು ಉಳಿಯುತ್ತದೆ. ಗೋಡೆ ಒಡೆದ ಕೂಡಲೇ ಮೊದಲು ಕುಸಿಯುವುದು ಅವೇ. ಆದ್ದರಿಂದ ಪ್ರತಿ ಜಂತೆಗೂ ಪ್ರತ್ಯೇಕ ಬೆಣೆ ಕೊಡಿಸತಕ್ಕದ್ದು. ಬಿಗಿಯಾದರೆ ಸಾಕು, ಮಾಳಿಗೆಯನ್ನು ಮೇಲಕ್ಕೆ ಎತ್ತಬಾರದು. ಕಂಬಗಳು ಮಣ್ಣುನೆಲದಲ್ಲಿ ಹೂತುಹೋಗದಂತೆ ಅಡಿಯಲ್ಲಿ ದಪ್ಪ ಹಲಗೆ ಹಾಸಬೇಕು. ಮೇಸ್ತ್ರಿಯವರು ಒಂದೇ ದಿನದ ಕೆಲಸವೆಂದು ಹೇಳಬಹುದು. ಹೊಸ ತೊಲೆ ಕುಳಿತು, ಜಂತೆಗಳ ಸಂದು ಭರ್ತಿಯಾಗಿ ಗಟ್ಟಿಯಾಗುವವರೆಗೆ ಆಸರೆಯನ್ನು ಕದಲಿಸುವಂತಿಲ್ಲ.

ಕಟ್ಟಡದ ಮಾರ್ಪಾಡಿಗೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಅಗತ್ಯ. ಅರ್ಜಿ ಸಭೆಗೆ ಬಂದಾಗ ಜಂತೆಗಳು ಯಾವ ದಿಕ್ಕಿಗಿವೆ, ಆಸರೆ ಹೇಗೆ ಕೊಡುವರು ಎಂದು ದಯಮಾಡಿ ಕೇಳಿರಿ. ಇಂಜಿನಿಯರರು ಸ್ಥಳ ಪರಿಶೀಲಿಸಿದ ನಂತರವೇ ನಿರ್ಣಯಿಸಿರಿ. ಮಳೆಗಾಲದಲ್ಲಿ ಕೆಲಸ ಆರಂಭಿಸಲು ಒಪ್ಪಬೇಡಿರಿ.