ಹಿಂದಿನ ಪರಾಭವ, ಈ ಪರಾಭವ



ಯುಗಾದಿ ಉಪನ್ಯಾಸಕ್ಕೆ ಕರೆದ ಸಂಘದ ಕಾರ್ಯದರ್ಶಿಗಳು, ‘ಬರುವ ವರ್ಷ ರಾಜಕೀಯ, ಧರ್ಮ, ಸಮಾಜ ಹೇಗಿರುತ್ತದೋ ಸ್ವಲ್ಪ ಹೇಳಿ’ ಎಂದರು. ಮಳೆ-ಬೆಳೆ, ಆದಾಯ-ವ್ಯಯಗಳನ್ನು ಪಂಚಾಂಗ ಓದಿದ ಭಟ್ಟರು ನೋಡಿಕೊಂಡಿದ್ದಾರೆ. ನನ್ನ ಪಾಲಿಗೆ ಉಳಿದದ್ದು ಚುನಾವಣೆ ಮತ್ತು ಇಗರ್ಜಿ.

ಈಗ ಹುಟ್ಟಿರುವುದು ಪರಾಭವ ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ಬರುವಂಥದು. ಹಿಂದಿನದು 1966ರ ಯುಗಾದಿಯಿಂದ 1967ರ ಯುಗಾದಿಯವರೆಗೆ. ಗ್ರಹಗತಿಯಲ್ಲಿ ನನಗೆ ನಂಬಿಕೆ ಅಷ್ಟಕ್ಕಷ್ಟೆ. ಆದರೂ ಆ ವರ್ಷ ಈ ಮುಂಬಯಿಯಲ್ಲಿ ನಡೆದದ್ದನ್ನು ನೆನೆದರೆ, ಹೆಸರಿಟ್ಟವನಿಗೆ ಏನೋ ಗೊತ್ತಿತ್ತು ಅನ್ನಿಸುತ್ತದೆ.

1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದರ ಮೊದಲ ಸಿಟ್ಟು ತಿರುಗಿದ್ದು ದಕ್ಷಿಣದವರ ಮೇಲೆ, ಅಂದರೆ ನಮ್ಮ ಉಡುಪಿ ಹೋಟೇಲುಗಳ ಗಲ್ಲಾದವರೆಗೆ. ಅಕ್ಟೋಬರಿನಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿ ತಗಾದೆಗೆ ಮಹಾಜನ ಆಯೋಗ ನೇಮಕವಾಯಿತು. ಆ ತಗಾದೆ ಸುಪ್ರೀಂ ಕೋರ್ಟಿನಲ್ಲಿ ಇನ್ನೂ ಕೂತಿದೆ. ಇನ್ನು 1967ರ ಫೆಬ್ರವರಿಯ ಚುನಾವಣೆ. ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರು ನಿಂತಿದ್ದರು. ಮೂರು ಸಲ ಮೇಯರ್ ಆಗಿದ್ದವರು, ಆಗ ಕೇಂದ್ರದ ರೈಲ್ವೆ ಮಂತ್ರಿ, ನಗರದ ಕಿರೀಟವಿಲ್ಲದ ದೊರೆ ಎನಿಸಿಕೊಂಡವರು. ಎದುರಿಗೆ ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್.

ಈ ಜಾರ್ಜ್‌ರನ್ನು ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದ್ದರು. ಗುರುಗಳಿಗೆ ಒಂದು ಊಟ, ಕಲಿಯುವ ಹುಡುಗರಿಗೆ ಇನ್ನೊಂದು ಊಟ ಎಂಬುದನ್ನು ಕಂಡು ರೋಸಿ ಹೊರಬಿದ್ದರು. (ಪಂಕ್ತಿಭೇದ ಮಠಗಳಲ್ಲಿ ಮಾತ್ರ ಎಂದುಕೊಂಡವರು ಗಮನಿಸಬೇಕು.) 1949ರಲ್ಲಿ ಮುಂಬಯಿಗೆ ಬಂದು ಚೌಪಾಟಿಯ ಬೆಂಚುಗಳ ಮೇಲೆ ಮಲಗಿದರು. ಬಂದರಿನ ಕಾರ್ಮಿಕ ನಾಯಕ ಪಿ. ಡಿಮೆಲ್ಲೊ ಅವರ ಜೊತೆ ಕೆಲಸ ಕಲಿತರು. ಅವರೂ ನಮ್ಮ ಕಡೆಯವರೇ. ಟ್ಯಾಕ್ಸಿಯವರು, ಹೋಟೇಲಿನವರು, ಪಾಲಿಕೆಯ ಕಸ ಹೊರುವವರು, ಹೀಗೆ ಒಬ್ಬೊಬ್ಬರನ್ನೇ ಸಂಘಕ್ಕೆ ಸೇರಿಸುತ್ತ ಹೋದರು. 1961ರಲ್ಲಿ ಪಾಲಿಕೆಗೆ ಆರಿಸಿ ಬಂದರು. 1967ರಲ್ಲಿ ಪಾಟೀಲರು ಸೋತರು.

ಅದನ್ನು ಮುಂಗಂಡವರು ಎಷ್ಟು ಜನ? ಲೆಕ್ಕ ಹಾಕುವವರು ಪಾಟೀಲರ ಹಣ, ಪಕ್ಷ, ಸೇಠ್‌ಗಳ ಸ್ನೇಹ ಇವನ್ನೆಲ್ಲ ಕೂಡಿಸಿದ್ದರು. ಟ್ಯಾಕ್ಸಿ ಹತ್ತಿ ಆಫೀಸಿಗೆ ಹೋಗುತ್ತಿದ್ದ ಅವರು ಟ್ಯಾಕ್ಸಿ ಓಡಿಸುವವನನ್ನು ಕೂಡಿಸಿರಲಿಲ್ಲ. ನನ್ನ ಇಡೀ ಮಾತು ಇಷ್ಟೇ: ಮುಂಬಯಿಯ ಭವಿಷ್ಯ ತಪ್ಪುವುದು ಎಣಿಕೆಗೆ ಬಾರದವರಿಂದ.

ಆಮೇಲಿನದೂ ಸ್ವಾರಸ್ಯವಾಗಿದೆ. ರೈಲ್ವೆ ಮಂತ್ರಿಯನ್ನು ಸೋಲಿಸಿದವರೇ 1974ರಲ್ಲಿ ರೈಲುಗಳನ್ನು ನಿಲ್ಲಿಸಿದರು, 1989ರಲ್ಲಿ ತಾವೇ ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲು ಯೋಜನೆಗೆ ಚಾಲನೆ ಕೊಟ್ಟರು. ಶಿವಸೇನೆಯ ಕಥೆಯೂ ಅಷ್ಟೇ. 2014ರಲ್ಲಿ ಉತ್ತರ ಮುಂಬಯಿಯಲ್ಲಿ ಅದರ ಕಾರ್ಯಕರ್ತರು ಮತ ಕೇಳಿದ್ದು ಬಿಜೆಪಿಯಿಂದ ನಿಂತ, ನಮ್ಮ ಕಡೆಯ ಮೂಲದ ಗೋಪಾಲ ಶೆಟ್ಟಿಯವರಿಗೆ. 1966ರಲ್ಲಿ ಯಾವ ಜ್ಯೋತಿಷಿ ಹಾಗೆ ಹೇಳಿದ್ದರೂ ಹೋಟೇಲಿನವರು ಅವನಿಗೆ ಕಾಫಿ ಕೊಡುತ್ತಿರಲಿಲ್ಲ.

ಇಗರ್ಜಿಯ ವಿಷಯದಲ್ಲಿ ಬಾಯಿ ಬಿಗಿಹಿಡಿಯುವುದೇ ಕ್ಷೇಮ. 2025ರ ಮೇ ತಿಂಗಳಲ್ಲಿ ಪತ್ರಿಕೆಗಳೆಲ್ಲ ಮುಂದಿನ ಪೋಪ್ ಯಾರೆಂದು ಪಟ್ಟಿ ಹಾಕಿದವು. ಅಮೆರಿಕದವರು ಆ ಪೀಠಕ್ಕೆ ಬರಲಾರರು ಎಂಬುದು ಹಳೆಯ ನಂಬಿಕೆ. ಮತದಾನ ಶುರುವಾದ ಎರಡೇ ದಿನದಲ್ಲಿ ಅಮೆರಿಕದವರೇ ಬಂದರು. ಮುಂಬಯಿಗೂ ಅದೇ ವರ್ಷ ಹೊಸ ಆರ್ಚ್‌ಬಿಷಪ್ ಬಂದಿದ್ದಾರೆ. ಬಾಂದ್ರಾದಲ್ಲಿ ಮನೆ ಕೊಳ್ಳಲಾಗದ ಕೊಂಕಣಿ ಕುಟುಂಬಗಳು ಮೀರಾ ರೋಡಿನತ್ತ ಸರಿಯುತ್ತವೆ, ಅವರ ಹಿಂದೆ ಕೊಂಕಣಿ ಪೂಜೆಯೂ ಸರಿಯುತ್ತದೆ. ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಚುನಾವಣೆಯ ಭವಿಷ್ಯವೂ ಹೀಗೆಯೇ. ಮುಂಬಯಿ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ, ಪ್ರತಿ ಯುಗಾದಿಗೂ ‘ಈ ವರ್ಷ ಚುನಾವಣೆ ಖಂಡಿತ’ ಎನ್ನುತ್ತಿದ್ದೆವು. ನಡೆದದ್ದು 2026ರ ಜನವರಿಯಲ್ಲಿ.

ಈ ಪರಾಭವದ ದೊಡ್ಡ ಘಟನೆ ಜನಗಣತಿ. 2027ರ ಫೆಬ್ರವರಿಯಲ್ಲಿ ಎಣಿಕೆಯವರು ಬರುತ್ತಾರೆ, ಜಾತಿಯನ್ನೂ ಕೇಳುತ್ತಾರೆ. ಮಾತೃಭಾಷೆ ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ತುಳು ಎನ್ನುತ್ತಾರೆ, ಕೆಲವರು ಕೊಂಕಣಿ ಎನ್ನುತ್ತಾರೆ, ಅದು ಸರಿಯೇ. ಇಲ್ಲಿ ಹುಟ್ಟಿದ ಮಕ್ಕಳು ಏನು ಬರೆಸುತ್ತಾರೋ ಅವರನ್ನೇ ಕೇಳಿ. ಕನ್ನಡದ ಅಂಕಿ ಇಳಿಯುತ್ತದೆ ಎಂದು ನಾನು ಹೇಳುತ್ತೇನೆ. ಆಮೇಲೆ ನಾವು ಇದೇ ಸಭಾಗೃಹದಲ್ಲಿ ಖಂಡನಾ ನಿರ್ಣಯ ಪಾಸು ಮಾಡುತ್ತೇವೆ, ಇದೂ ಭವಿಷ್ಯವೇ.

ಇನ್ನೊಂದನ್ನು ಹೇಳಿದರೆ ಇಲ್ಲಿರುವ ಕೆಲವು ಹೋಟೇಲು ಮಾಲಕರಿಗೆ ರುಚಿಸದು. ಒಂದು ಕಾಲದಲ್ಲಿ ಹಗಲು ಲೋಟ ತೊಳೆದು ರಾತ್ರಿಶಾಲೆಗೆ ಓಡುತ್ತಿದ್ದ ಮಾಣಿ ನಮ್ಮವನೇ ಆಗಿದ್ದ. ಮೊಗವೀರ ರಾತ್ರಿಶಾಲೆ 1908ರಿಂದ ಅಂಥವರಿಗೆ ಅಕ್ಷರ ಕೊಟ್ಟಿತು. ಈಗ ನಿಮ್ಮ ಅಡುಗೆಮನೆಯಲ್ಲಿರುವವರು ಒಡಿಶಾದವರು, ಜಾರ್ಖಂಡಿನವರು, ನೇಪಾಳದವರು. ಹೊರಗೆ ಪಾರ್ಸೆಲ್‌ಗಾಗಿ ಬೈಕಿನ ಮೇಲೆ ಕಾಯುವವರು ಎಲ್ಲೆಲ್ಲಿಯವರೋ. 2025ರ ಡಿಸೆಂಬರ್ 31ರಂದು ಆ ಬೈಕಿನವರೇ ದೇಶದಾದ್ಯಂತ ಮುಷ್ಕರಕ್ಕೆ ಕರೆ ಕೊಟ್ಟಿದ್ದರು. ಅವರಿಗೆ ರಾತ್ರಿಶಾಲೆ ಕಟ್ಟಿದ ಸಂಘ ನಮ್ಮಲ್ಲಿ ಒಂದೂ ಕಾಣುತ್ತಿಲ್ಲ. ಮುಂದಿನ ಜಾರ್ಜ್ ಅವರ ನಡುವಿನಿಂದ ಬರುತ್ತಾನೆ. ಅವನ ಮೊದಲ ಮುಷ್ಕರ ನಿಮ್ಮದೇ ಹೋಟೇಲಿನ ಬಾಗಿಲಲ್ಲಿ ನಡೆಯುತ್ತದೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.