ಅನುವಾದವಷ್ಟೇ ಸಾಲದು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಆರೋಗ್ಯದ ಸೂಚನೆಯನ್ನು ಜನರ ಭಾಷೆಗೆ ಅನುವಾದಿಸಿದರೆ ಹೊಣೆ ಮುಗಿಯಿತೆಂಬ ಭಾವನೆ ನಮ್ಮ ಸರಕಾರಿ ಕಚೇರಿಗಳಲ್ಲಿ ಬಲವಾಗಿದೆ. ಪೋಲಿಯೋ ನಿರ್ಮೂಲನದ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಪಲ್ಸ್ ಪೋಲಿಯೋ ಆಂದೋಲನ 1995ರಲ್ಲಿ ಆರಂಭವಾಯಿತು. ಆದರೂ 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳು ಕಂಡವು. ಹೆಚ್ಚಿನವು ಉತ್ತರ ಪ್ರದೇಶದವು. ಅಲ್ಲಿ ಪ್ರಚಾರ ಹಿಂದಿ, ಉರ್ದುಗಳಲ್ಲಿಯೇ ನಡೆದಿತ್ತು. ಕೊರತೆಯಿದ್ದುದು ಭಾಷೆಯದಲ್ಲ, ನಂಬಿಕೆಯದು. ಹನಿಯಿಂದ ಸಂತಾನಹೀನತೆ ಬರುತ್ತದೆಂಬ ವದಂತಿಗೆ ಅನೇಕ ಮುಸ್ಲಿಂ ಮನೆಗಳ ಬಾಗಿಲು ಮುಚ್ಚಿದವು. ಚರಂಡಿಯಾಗಲಿ ವೈದ್ಯರಾಗಲಿ ಬಾರದ ಮೊಹಲ್ಲಾಕ್ಕೆ ಹನಿಯೊಂದೇ ಮತ್ತೆ ಮತ್ತೆ ಬಂದರೆ ಸಂಶಯ ಸಹಜವೇ. ಅದನ್ನು ಕರಗಿಸಿದವರು ಅದೇ ಮೊಹಲ್ಲಾದ ಕಾರ್ಯಕರ್ತೆಯರು, ಮಸೀದಿಯಿಂದ ಕರೆಕೊಟ್ಟ ಇಮಾಮರು. ನೈಸರ್ಗಿಕ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರಲ್ಲಿ ಭಾರತಕ್ಕೆ ಪೋಲಿಯೋಮುಕ್ತಿಯ ಪ್ರಮಾಣಪತ್ರ ದೊರೆಯಿತು.

ಈ ಪಾಠ ನಮಗೂ ಸಲ್ಲುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರುಗಳ ಕಡೆಯಿಂದ ಗುಳೆ ಬಂದವರು ಮುಂಬಯಿ, ಪುಣೆಗಳ ಕಟ್ಟಡ ಕೆಲಸಗಳಲ್ಲಿದ್ದಾರೆ. ಕ್ಷಯದ ಔಷಧಿಯನ್ನು ಕೆಮ್ಮು ನಿಂತೊಡನೆ ಬಿಡಬಾರದು, ಸಾಮಾನ್ಯವಾಗಿ ಆರು ತಿಂಗಳು ಪೂರೈಸಬೇಕು. ನಡುವೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗಬಹುದು. ಓದು ಬಾರದ ಕೂಲಿಗಾರನಿಗೆ ಈ ಮಾತನ್ನು ಮರಾಠಿ ಫಲಕ ಮುಟ್ಟಿಸದು. ನಮ್ಮ ಗ್ರಾಂಥಿಕ ಕನ್ನಡದ ಕರಪತ್ರವೂ ಮುಟ್ಟಿಸದು.

ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವ ನಾವು ಆ ಜೋಪಡಿಗಳಿಗೂ ಹೋಗಬೇಕು. ಅವರ ಅಂಜಿಕೆಯನ್ನು ಮೊದಲು ಕೇಳಬೇಕು. ಅವರಲ್ಲಿಯೇ ಒಬ್ಬಾಕೆಯನ್ನು ತರಬೇತಿಗೊಳಿಸಿ, ರೋಗಿಗಳೊಡನೆ ದವಾಖಾನೆಗೆ ಹೋಗುವಂತೆ ಮಾಡಬೇಕು. ಆಕೆಯ ದಿನಗೂಲಿಯನ್ನು ಸಂಘವೇ ಭರಿಸಬೇಕು. ಹೊರನಾಡಿನಲ್ಲಿ ಕನ್ನಡದ ಕೆಲಸವೆಂದರೆ ಇದೂ ಹೌದು.