ಹುಲ್ಲಿಗೆ ಹಸಿವಾಗುವ ಹೊತ್ತು

(ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗಣಪತಿಗೆ ಏರಿಸುವ ಗರಿಕೆಯನ್ನು ಯಾರೂ ಗೊಬ್ಬರ ಹಾಕಿ ಬೆಳೆಸುವುದಿಲ್ಲ. ಗದ್ದೆಯ ಬದುವಿನಲ್ಲಿ, ಅಂಗಳದ ಮೂಲೆಯಲ್ಲಿ ಅದು ತಾನಾಗಿ ಹಬ್ಬುತ್ತದೆ, ಕಿತ್ತಷ್ಟೂ ಚಿಗುರುತ್ತದೆ. ಇದೇ ಗರಿಕೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ‘ಬರ್ಮುಡಾ ಹುಲ್ಲು’ ಎಂಬ ಹೆಸರು ಪಡೆದು ಮನೆಗಳ ಮುಂದಿನ ಹುಲ್ಲುಹಾಸಾಗಿದೆ. ಅಲ್ಲಿ ಅದಕ್ಕೆ ಗೊಬ್ಬರ, ನೀರು, ಕತ್ತರಿಸುವ ಯಂತ್ರ ಎಲ್ಲವೂ ಸಲ್ಲುತ್ತವೆ. ನಾಸಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದ ಮನೆ, ಉದ್ಯಾನ, ಗಾಲ್ಫ್ ಮೈದಾನಗಳ ಹುಲ್ಲುಹಾಸಿನ ಒಟ್ಟು ವಿಸ್ತಾರ ಸುಮಾರು 1,64,000 ಚದರ ಕಿಲೋಮೀಟರು. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು ಎಂಬುದನ್ನು ನೆನೆದರೆ ಆ ಹಸುರಿನ ಗಾತ್ರ ಮನಸ್ಸಿಗೆ ಬರುತ್ತದೆ.

ಆ ಹುಲ್ಲುಹಾಸು ಈಗ ಮಲೆನಾಡಿನ ಗುಡ್ಡಗಳನ್ನೂ ಏರಿದೆ. ಹೋಂಸ್ಟೇ, ರೆಸಾರ್ಟುಗಳ ಮುಂದೆ ಹಸುರು ಹಾಸಿಗೆ ಹರಡಿದೆ. ಹುಲ್ಲು ಬಂದಿತು, ಗೊಬ್ಬರದ ಚೀಲವೂ ಬಂದಿತು. ಆದರೆ ಆ ಚೀಲದಿಂದ ಅನ್ಯದೇಶದ ಸರೋವರಗಳು ಕಲಿಸಿದ ಪಾಠ ಮಾತ್ರ ಜೊತೆಗೆ ಬರಲಿಲ್ಲ. ಆದುದರಿಂದ ಆ ಪಾಠವನ್ನು ಅದು ಹುಟ್ಟಿದ ನೆಲದಲ್ಲಿಯೇ ನೋಡಬೇಕಾಗಿದೆ.

ಅಮೆರಿಕದ ಉತ್ತರದ ಗಡಿಯಲ್ಲಿ ಮಿನ್ನೆಸೋಟ ಎಂಬ ರಾಜ್ಯವಿದೆ. ‘ಹತ್ತು ಸಾವಿರ ಸರೋವರಗಳ ನಾಡು’ ಎಂದು ಅದರ ಖ್ಯಾತಿ. ಅಲ್ಲಿ ಹಿಮ ಕರಗಿ ವಸಂತ ಬಂದೊಡನೆ ಮನೆಯ ಯಜಮಾನನಿಗೆ ಹುಲ್ಲಿಗೆ ಗೊಬ್ಬರ ಹಾಕುವ ಆತುರ. ಅಂಗಡಿಗಳೂ ಆ ಆತುರಕ್ಕೆ ಇಂಬು ಕೊಡುತ್ತವೆ. ಆದರೆ ಹುಲ್ಲಿನ ಲೆಕ್ಕ ಬೇರೆ. ತಂಪುದೇಶದ ಹುಲ್ಲು ಹಿಂದಿನ ಶರತ್ಕಾಲದಲ್ಲಿ ತನ್ನೊಳಗೆ ಕೂಡಿಟ್ಟ ಆಹಾರದಿಂದಲೂ, ಬೆಚ್ಚಗಾಗುತ್ತಿರುವ ಮಣ್ಣು ತಾನಾಗಿ ಬಿಡುವ ಸಾರಜನಕದಿಂದಲೂ ವಸಂತದ ಮೊದಲ ಹಸುರನ್ನು ತಂದುಕೊಳ್ಳುತ್ತದೆ. ಮಣ್ಣಿನ ಉಷ್ಣತೆ ಹತ್ತರಿಂದ ಹದಿನೆಂಟು ಡಿಗ್ರಿ ಸೆಲ್ಸಿಯಸ್ ಇರುವಾಗ ಅದರ ಬೇರು ಚೆನ್ನಾಗಿ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಸಾರಜನಕವನ್ನು ಸುರಿದರೆ ಎಲೆ ಏರುತ್ತದೆ, ಬೇರು ಹಿಂದೆ ಬೀಳುತ್ತದೆ. ಕತ್ತರಿಸುವ ಕೆಲಸ ಹೆಚ್ಚುತ್ತದೆ, ರೋಗ ತಗಲುತ್ತದೆ, ಬೇಸಗೆಯ ಬಿಸಿಲಿಗೆ ಮೇಲುಬೇರಿನ ಹುಲ್ಲು ಸೊರಗುತ್ತದೆ.

ಆದಕಾರಣ ಅಲ್ಲಿನ ಕೃಷಿತಜ್ಞರ ಸಲಹೆ ಸ್ಪಷ್ಟವಾಗಿದೆ. ವಸಂತದ ಮೊದಲ ಚಿಗುರಿನ ಅಬ್ಬರ ಮುಗಿಯುವವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ ಕಾಯಬೇಕು. ಆಗಲೂ ಹಗುರವಾಗಿ ಹಾಕಬೇಕು. ವರ್ಷದ ಮುಖ್ಯ ಗೊಬ್ಬರ ಸೆಪ್ಟೆಂಬರಿನ ಆಸುಪಾಸಿನಲ್ಲಿ ಸಲ್ಲಬೇಕು. ಬರ್ಮುಡಾದಂತಹ ಬಿಸಿಲುನಾಡಿನ ಹುಲ್ಲಿಗಾದರೋ ಅದು ಸಂಪೂರ್ಣ ಹಸುರಾಗಿ ಬೆಳೆಯತೊಡಗಿದ ಬಳಿಕವೇ ಗೊಬ್ಬರ.

ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಒಂದು ಸಲಕ್ಕೆ ಒಂದು ಚದರ ಮೀಟರಿಗೆ ಐದು ಗ್ರಾಂ ಸಾರಜನಕ ಎಂಬುದು ಮೇಲಿನ ಮಿತಿ. ವಸಂತದಲ್ಲಿ ಅದರ ಅರ್ಧ ಸಾಕು. ನೂರು ಚದರ ಮೀಟರಿನ ಅಂಗಳಕ್ಕೆ ಇನ್ನೂರೈವತ್ತು ಗ್ರಾಂ ಸಾರಜನಕ ಎಂದಾಯಿತು. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿರುವುದರಿಂದ ಇದು ಅರ್ಧ ಕಿಲೋಗಿಂತ ತುಸು ಹೆಚ್ಚಿನ ಯೂರಿಯಾಕ್ಕೆ ಸಮ. ಬರಿಯ ಯೂರಿಯಾ ಹುಲ್ಲನ್ನು ಸುಡಬಲ್ಲದು. ನಿಧಾನವಾಗಿ ಕರಗುವ ಗೊಬ್ಬರವೂ, ಚೆನ್ನಾಗಿ ಕಳಿತ ಕಾಂಪೋಸ್ಟೂ ಅದಕ್ಕಿಂತ ಮೇಲು. ಕತ್ತರಿಸಿದ ಹುಲ್ಲನ್ನು ಗುಡಿಸಿ ಎಸೆಯದೆ ಅಲ್ಲಿಯೇ ಬಿಟ್ಟರೆ ವರ್ಷಕ್ಕೆ ಬೇಕಾದ ಸಾರಜನಕದ ಸುಮಾರು ಕಾಲು ಭಾಗ ಖರ್ಚಿಲ್ಲದೆ ಮಣ್ಣಿಗೆ ಮರಳುತ್ತದೆ.

ಹೇಗೆ ಎಂಬುದು ಮೂರನೆಯದು. ಅಳೆದ ಗೊಬ್ಬರವನ್ನು ಎರಡು ಪಾಲು ಮಾಡಿ ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಬೀರಬೇಕು. ಎಲೆ ಒಣಗಿರಬೇಕು, ಬೀರಿದ ಮೇಲೆ ಕಾಳು ಮಣ್ಣಿಗೆ ಇಳಿಯುವಷ್ಟು ಮಾತ್ರ ನೀರು ಚಿಮುಕಿಸಬೇಕು. ಕಲ್ಲುಹಾಸು, ರಸ್ತೆ, ಚರಂಡಿಗಳ ಮೇಲೆ ಬಿದ್ದ ಕಾಳನ್ನು ಗುಡಿಸಿ ಹುಲ್ಲಿಗೇ ಮರಳಿಸಬೇಕು. ಹೆಪ್ಪುಗಟ್ಟಿದ ನೆಲಕ್ಕೆ, ಜಡಿಮಳೆಯ ಮುಂಚೆ, ನೀರಿನ ಅಂಚಿಗೆ ಸಲ್ಲದು.

ಈ ಕಟ್ಟುನಿಟ್ಟಿನ ಹಿಂದೆ ಒಂದು ಪ್ರಯೋಗದ ಕಥೆಯಿದೆ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಸರೋವರಗಳಿವೆ. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226ನೆಯ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಇಬ್ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು ಬೆರೆಸಿದರು. ಇನ್ನೊಂದಕ್ಕೆ ಅವೆರಡರೊಡನೆ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಭಾಗ ಪಾಚಿಯಿಂದ ದಟ್ಟ ಹಸುರಾಯಿತು. ಮತ್ತೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಸರೋವರದ ಚಿತ್ರ ಹಲವು ದೇಶಗಳ ಜಲನೀತಿಯನ್ನು ತಿದ್ದಿತು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ, ಮೀನು ಉಸಿರುಗಟ್ಟುತ್ತದೆ. ಕೆಲವು ಜಾತಿಯ ಪಾಚಿ ನೀರಿಗೆ ವಿಷವನ್ನೂ ಬಿಡುತ್ತದೆ.

ಮಿನ್ನೆಸೋಟ 2002ರಲ್ಲಿ ಶಾಸನ ಮಾಡಿತು. ಮಣ್ಣುಪರೀಕ್ಷೆಯಲ್ಲಿ ಕೊರತೆ ಕಂಡಲ್ಲಿ ಅಥವಾ ಹೊಸದಾಗಿ ಹುಲ್ಲು ಬೆಳೆಸುವಲ್ಲಿ ಹೊರತು ಮನೆಯ ಹುಲ್ಲುಹಾಸಿಗೆ ರಂಜಕದ ಗೊಬ್ಬರ ಹಾಕುವಂತಿಲ್ಲ. 2005ರಿಂದ ಇದು ಇಡೀ ರಾಜ್ಯಕ್ಕೆ ಅನ್ವಯವಾಯಿತು. ಗೊಬ್ಬರದ ಚೀಲದ ಮೇಲಿನ ಮೂರು ಅಂಕಿಗಳಲ್ಲಿ ಮೊದಲನೆಯದು ಸಾರಜನಕ, ನಡುವಿನದು ರಂಜಕ, ಕೊನೆಯದು ಪೊಟ್ಯಾಷ್. ಅಲ್ಲಿನ ಹುಲ್ಲುಹಾಸಿನ ಚೀಲಗಳ ನಡುವಿನ ಅಂಕಿ ಸೊನ್ನೆಯಾಯಿತು. ಇಲ್ಲಿ ಸುಲಭವಾಗಿ ಸಿಗುವ 17-17-17 ಅಥವಾ 19-19-19ರ ಚೀಲವನ್ನು ಕೈಗೆತ್ತಿಕೊಳ್ಳುವ ಮೊದಲು ಆ ನಡುವಿನ ಅಂಕಿಯನ್ನು ವಿದ್ಯಾರ್ಥಿಗಳು ಓದಬೇಕು.

ಹಾಗೆಂದು ಗೊಬ್ಬರವೇ ವೈರಿಯೆಂದು ತಿಳಿಯಬಾರದು. ಹಸಿದು ಬಡವಾದ ಹುಲ್ಲಿನ ನಡುವೆ ಮಣ್ಣು ಬಯಲಾಗುತ್ತದೆ. ರಂಜಕ ಬಹುಮಟ್ಟಿಗೆ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಸಾಗುವುದರಿಂದ ಬಯಲು ಮಣ್ಣು ಕೊಚ್ಚಿಹೋದರೆ ತೊರೆಗೆ ಇನ್ನೂ ಹೆಚ್ಚು ಹಾನಿ. ಸಾರಜನಕದ ದಾರಿ ಬೇರೆ. ಅದು ನೈಟ್ರೇಟ್ ಆಗಿ ನೀರಿನಲ್ಲಿ ಕರಗಿ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ವಿಧಿಸಿದೆ. ಮೀರಿದರೆ ಮೊದಲ ಅಪಾಯ ಹಸುಗೂಸುಗಳಿಗೆ.

ಇನ್ನು ಮಲೆನಾಡಿನ ಮಾತು. ಇಲ್ಲಿ ಹಿಮವಿಲ್ಲ, ಹುಲ್ಲನ್ನು ಮಲಗಿಸುವುದು ಬೇಸಗೆಯ ಒಣಹವೆ, ಎಬ್ಬಿಸುವುದು ಮೊದಲ ಮಳೆ. ಒಣಗಿದ ಮಣ್ಣು ನೆನೆದೊಡನೆ ಅದರೊಳಗಿನ ಸೂಕ್ಷ್ಮಜೀವಿಗಳು ಎಚ್ಚೆತ್ತು ಸಾರಜನಕವನ್ನು ಬಿಡುತ್ತವೆ. ಭರಣಿ ಮಳೆ ಬಿದ್ದ ವಾರದಲ್ಲಿ ಗುಡ್ಡ ಹಸುರಾಗುವುದು ಯಾರ ಚೀಲದಿಂದಲೂ ಅಲ್ಲ. ಹಿಮ ಕರಗಿದ ಮಿನ್ನೆಸೋಟಕ್ಕೂ ಮಳೆ ಬಿದ್ದ ಮಲೆನಾಡಿಗೂ ಇಲ್ಲಿ ನಿಯಮವೊಂದೇ: ಮೊದಲ ಹಸುರು ಮಣ್ಣಿನದು. ಬೇಕಾದರೆ ಕೃತ್ತಿಕೆ, ರೋಹಿಣಿಯ ಹೊತ್ತಿಗೆ ತೆಳುವಾಗಿ ಕಾಂಪೋಸ್ಟ್ ಹರಡಬಹುದು. ಆರಿದ್ರೆಯಿಂದ ಆಶ್ಲೇಷದವರೆಗೆ ಹಾಕಿದ ರಾಸಾಯನಿಕ ಗೊಬ್ಬರದ ದೊಡ್ಡ ಪಾಲು ಹಳ್ಳಕ್ಕೆ ಹಾಕಿದಂತೆಯೇ. ಹುಬ್ಬೆ, ಉತ್ತರೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಮಳೆ ಇಳಿದು ಮಣ್ಣಿನಲ್ಲಿ ಹಸಿ ಉಳಿದಿರುವಾಗ ಹಾಕಿದ್ದು ಬೇರಿಗೆ ದಕ್ಕುತ್ತದೆ.

ಅಡಿಕೆ ಬೆಳೆಗಾರರಿಗೆ ಇದು ಹೊಸದಲ್ಲ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ ಹಸಿಸೊಪ್ಪು, ಕಾಂಪೋಸ್ಟು ತಲಾ 12 ಕಿಲೋ ಎಂಬ ಶಿಫಾರಸನ್ನು ಮಳೆಯಾಶ್ರಿತ ತೋಟಗಳಲ್ಲಿ ಮಳೆಗಾಲದ ಮುಂಚೆ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರಡು ಕಂತಾಗಿ ಹಾಕುವುದು ವಾಡಿಕೆ. ಜಡಿಮಳೆಯನ್ನು ತಪ್ಪಿಸುವ ಈ ವಿವೇಕವನ್ನು ತೋಟ ಬಲ್ಲದು. ಹೊಸದಾಗಿ ಬಂದ ಹುಲ್ಲುಹಾಸು ಇನ್ನೂ ಕಲಿಯಬೇಕಾಗಿದೆ.

ಗುಡ್ಡದ ನೆತ್ತಿಯಲ್ಲಿ ಹಾಕಿದ್ದು ಗುಡ್ಡದ ಬುಡದಲ್ಲಿ ಕುಡಿಯುವ ನೀರಾಗಿ ಬರುತ್ತದೆ. ಮೇಲಿನ ಮನೆಯವರಿಗೆ ಅದು ಅಂಗಳದ ಚೆಲುವಿನ ಪ್ರಶ್ನೆ; ಕೆಳಗಿನ ಮನೆಯವರಿಗೆ ಬಾವಿಯ ಪ್ರಶ್ನೆ. ಆದುದರಿಂದ ಹುಲ್ಲುಹಾಸು ಇರುವ ಊರಿನವರು ಈ ವರ್ಷ ಮೂರು ಕೆಲಸ ಮಾಡಬಹುದು. ಮೊದಲು ಮಣ್ಣು ಪರೀಕ್ಷೆ ಮಾಡಿಸುವುದು. ಚೀಲದ ನಡುವಿನ ಅಂಕಿಯನ್ನು ಓದುವುದು. ಹುಲ್ಲಿನ ಅಂಚಿಗೂ ಹಳ್ಳಕ್ಕೂ ನಡುವೆ ಕತ್ತರಿಸದ, ಗೊಬ್ಬರ ಕಾಣದ ಕಾಡುಹುಲ್ಲಿನ ಪಟ್ಟಿಯೊಂದನ್ನು ಬಿಡುವುದು. ಆ ಪಟ್ಟಿಯಲ್ಲಿ ಗರಿಕೆ ತಾನಾಗಿಯೇ ಬರುತ್ತದೆ.